ಮಿದುಳಿನ ಚಿತ್ರಕ್ಕೆ ಬಣ್ಣ ಹಚ್ಚುವವರಿಗೆ

ಮಸ್ಕತ್ ಪಕ್ಕದ ಸೀಬ್‌ನ ಅಲ್ ಮಬೇಲಾದಲ್ಲಿ ನನ್ನ ಮನೆ. ಎಂಆರ್‌ಐ ಚಿತ್ರಗಳಲ್ಲಿ ಮಿದುಳಿನ ಭಾಗಗಳನ್ನು ಅಳೆಯುವುದು ನನ್ನ ಕೆಲಸ. ಜೊತೆಗಾರರು ಬೆಂಗಳೂರಿನಲ್ಲಿದ್ದಾರೆ, ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಒಂದೇ ಫೈಲನ್ನು ಎರಡೂ ಊರುಗಳಲ್ಲಿ ತೆರೆದಿಟ್ಟು ಫೋನಿನಲ್ಲಿ "ಆ ಹಳದಿ ಜಾಗ ನೋಡಿ" ಎನ್ನುವ ನಮ್ಮಂಥವರಿಗೆ ಈ ಕೆಲವು ಮಾತು.

1. ಬಣ್ಣ ಮಿದುಳಿನದಲ್ಲ, ಸಾಫ್ಟ್‌ವೇರಿನದು. ಮಿದುಳಿನ ಭಾಗಗಳನ್ನು ಗುರುತಿಸುವ ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ಪ್ರತಿ ಭಾಗಕ್ಕೂ ಒಂದು ನಂಬರ್ ಕೊಡುತ್ತದೆ: ಎಡ ಹಿಪೊಕ್ಯಾಂಪಸ್ 17, ಬಲದ್ದು 53. ಯಾವ ನಂಬರಿಗೆ ಯಾವ ಬಣ್ಣ ಎಂಬುದು ಅದರ ಜೊತೆಗೇ ಬರುವ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತದೆ. ಒಂದೊಂದು ಸಾಲಿನಲ್ಲೂ ನಂಬರ್, ಹೆಸರು, ಆಮೇಲೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂಬ ಅಂಕಿಗಳು. 17ಕ್ಕೂ 53ಕ್ಕೂ ಅಲ್ಲಿರುವುದು 220, 216, 20. ಎರಡಕ್ಕೂ ಒಂದೇ ಹಳದಿ! ಎಡ–ಬಲ ಹೋಲಿಸುವವರಿಗೆ ಈ ಡಿಫಾಲ್ಟ್‌ನಿಂದ ಏನೂ ಉಪಯೋಗವಿಲ್ಲ. 53ರ ಸಾಲಿನಲ್ಲಿ ಮೂರು ಅಂಕಿ ಬದಲಿಸಿದರೆ ಸಾಕು, ಅಳತೆ ಒಂದಿಷ್ಟೂ ಆಚೀಚೆ ಆಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಕೆಲವು ಸಾಫ್ಟ್‌ವೇರ್‌ಗಳು ರೋಗಿಯ ಎಡಭಾಗವನ್ನು ಪರದೆಯ ಬಲಕ್ಕೆ ತೋರಿಸುತ್ತವೆ, ಕೆಲವು ಹಾಗಲ್ಲ. ಬಣ್ಣ ಬೇರೆಯಾಗಿದ್ದರೆ ಈ ಅದಲುಬದಲು ತಟ್ಟನೆ ಕಣ್ಣಿಗೆ ಬೀಳುತ್ತದೆ.

2. ಮೂಲ ಫೈಲನ್ನು ಮುಟ್ಟಬೇಡಿ. ಅದರ ಪ್ರತಿ ಮಾಡಿ, ಬೇರೆ ಹೆಸರು ಕೊಟ್ಟು, ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡಿ. ಫ್ರೀಸರ್ಫರ್‌ನಲ್ಲಿ ಚಿತ್ರ ತೋರಿಸುವ ಫ್ರೀವ್ಯೂ ತೆರೆಯುವಾಗ ಅದನ್ನೇ ಬಳಸುವಂತೆ ಹೇಳಬಹುದು. ಮೂಲವನ್ನೇ ತಿದ್ದಿದರೆ ಹೊಸ ಆವೃತ್ತಿ ಹಾಕಿದ ದಿನ ನಿಮ್ಮ ಬಣ್ಣಗಳೆಲ್ಲ ಹೋದಂತೆ. ಎಲ್ಲರೂ ಬಳಸುವ ಸರ್ವರಿನಲ್ಲಿ ತಿದ್ದಿದರಂತೂ ಪಕ್ಕದವರ ಚಿತ್ರವೂ ಹೇಳದೆ ಕೇಳದೆ ಬಣ್ಣ ಬದಲಿಸುತ್ತದೆ. ಆಫ್ನಿ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಹೋಮ್ ಫೋಲ್ಡರಿನಲ್ಲೊಂದು ಸೆಟಪ್ ಫೈಲ್ ಇಟ್ಟುಕೊಳ್ಳುವ ಅನುಕೂಲವಿದೆ. ಆದರೆ ಅದು ನಿಮ್ಮ ಯಂತ್ರದಲ್ಲೇ ಉಳಿಯುತ್ತದೆ, ಬೆಂಗಳೂರಿಗೆ ಹೋಗುವುದಿಲ್ಲ.

3. ಭಾಗಗಳ ಬದಲು ಏರಿಳಿಯುವ ಅಂಕಿಗಳನ್ನು ಬಣ್ಣದಲ್ಲಿ ತೋರಿಸುವಾಗ ಕಾಮನಬಿಲ್ಲು ಬೇಡ. ನೀಲಿಯಿಂದ ಕೆಂಪಿನವರೆಗೆ ಹರಡುವ ಆ ಬಣ್ಣಪಟ್ಟಿಯಲ್ಲಿ ಹಳದಿ ಶುರುವಾಗುವ ಕಡೆ ಗೆರೆ ಎಳೆದಂತೆ ಕಾಣುತ್ತದೆ. ದತ್ತಾಂಶದಲ್ಲಿ ಅಂಥ ಗೆರೆಯೇ ಇರುವುದಿಲ್ಲ. ಮ್ಯಾಟ್‌ಲ್ಯಾಬ್ 2014ರಲ್ಲಿ, ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಅದನ್ನು ಡಿಫಾಲ್ಟ್ ಪಟ್ಟದಿಂದ ಇಳಿಸಿದವು. ನಮ್ಮವರ ಪೋಸ್ಟರುಗಳಿಂದ ಅದಿನ್ನೂ ಇಳಿದಿಲ್ಲ.

4. ಕೆಂಪು–ಹಸಿರು ಜೋಡಿಯೂ ಬೇಡ. ಯುರೋಪ್ ಮೂಲದ ಗಂಡಸರಲ್ಲೇ ಸುಮಾರು 8%ರಷ್ಟು ಜನಕ್ಕೆ ಆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ.

5. ಬಣ್ಣಕ್ಕಿಂತ ಮೊದಲು ಮಿತಿ ನೋಡಿ. ಕನಿಷ್ಠ, ಗರಿಷ್ಠ ಅಂಕಿಗಳನ್ನು ನೀವು ಕೊಡದಿದ್ದರೆ ಎಷ್ಟೋ ಸಲ ಸಾಫ್ಟ್‌ವೇರೇ ಆಯಾ ಚಿತ್ರದಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಒಬ್ಬರ ಗರಿಷ್ಠ 4, ಇನ್ನೊಬ್ಬರದು 9 ಇದ್ದರೂ ಎರಡೂ ಅಷ್ಟೇ ಗಾಢವಾಗಿ ಹೊಳೆಯುತ್ತವೆ. ಅಕ್ಕಪಕ್ಕ ಇಡುವ ಚಿತ್ರಗಳಿಗೆಲ್ಲ ಒಂದೇ ಮಿತಿ ಇರಲಿ. ಮಿತಿಗಿಂತ ಕೆಳಗಿನದನ್ನು ಪೂರ್ತಿ ಅಳಿಸದೆ ಮಸುಕಾಗಿ ತೋರಿಸಿ ಎಂದು ಆಫ್ನಿ ತಂಡದವರು 2023ರಲ್ಲಿ ಬರೆದರು. ನನಗದು ಪೂರ್ತಿ ಒಪ್ಪಿಗೆ.

6. ಕೋಣೆಯ ಬೆಳಕೂ ಒಂದು ಸೆಟ್ಟಿಂಗ್. ಮಬೇಲಾದ ಮೇ ತಿಂಗಳ ಮಧ್ಯಾಹ್ನ ಪರದೆ ಎಳೆಯದ ಕಿಟಕಿಯ ಎದುರು ಕೂತರೆ ಬೂದು ಛಾಯೆಗಳು ಒಂದರಲ್ಲೊಂದು ಕರಗುತ್ತವೆ. ಆ ಹೊತ್ತಲ್ಲಿ ಬಣ್ಣ ತಿದ್ದಲು ಹೋಗಬೇಡಿ.

7. ಚಿತ್ರ ಕಳಿಸುವಾಗ ಬಣ್ಣದ ಫೈಲನ್ನೂ ಜೊತೆಗೆ ಕಳಿಸಿ, ಮಿತಿಯ ಅಂಕಿಗಳನ್ನು ಚಿತ್ರದ ಕೆಳಗೆ ಬರೆಯಿರಿ. ಫೋನಿನಲ್ಲಿ "ಹಳದಿ" ಅನ್ನುವ ಬದಲು "17" ಅನ್ನಿ.