ಗಿರಣಿಗೆ ಕೀಲಿ, ಪಗಾರಕ್ಕೆ ಕೀಲಿಯಲ್ಲ

ಓದಿರಿ

ಬಬಲೇಶ್ವರದ ಹತ್ತಿರ ಒಂದು ಹಳ್ಳಿ. ಅಲ್ಲಿ ಸಂಗಪ್ಪ ಎಂಬ ಕೆಲಸಗಾರ ಇದ್ದಾನೆ ಎಂದು ತಿಳಿಯೋಣ. ಅವನ ಹೆಂಡತಿ ಕಾಶವ್ವ. ಅವರಿಗೆ ಎರಡು ಎಕರೆ ಹೊಲ. ಮಳೆ ಬಂದರೆ ಜೋಳ. ಬಾರದಿದ್ದರೆ ಬರೀ ಮಣ್ಣು. ಅದಕ್ಕೇ ಸಂಗಪ್ಪ ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ. ಹನ್ನೆರಡು ವರ್ಷ ದುಡಿದ. ತಿಂಗಳಿಗೆ 15,600 ರೂಪಾಯಿ ಪಗಾರ. ಮನೆಯ ಖರ್ಚು, ಮಗಳ ಶಾಲೆ, ಸೊಸೈಟಿಯ ಸಾಲ ಎಲ್ಲವೂ ಆ ಪಗಾರದಿಂದಲೇ ನಡೆಯುತ್ತಿತ್ತು.

ಒಂದು ದಿನ ಸಂಗಪ್ಪ ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಕಟ್ಟೆಯ ಮೇಲೆ ಸುಮ್ಮನೆ ಕುಳಿತ.

"ಯಾಕ್ರಿ, ಹಿಂಗ ಕುಂತೀರಿ? ಮೈಯಾಗ ಆರಾಮ ಇಲ್ಲೇನು?" ಎಂದು ಕಾಶವ್ವ ಕೇಳಿದಳು.

"ಗಿರಣಿಗೆ ಕೀಲಿ ಬಿತ್ತು. ಮಾಲಕ ದಿವಾಳಿ ಆಗ್ಯಾನಂತ."

"ನಿಮ್ಮ ಎರಡು ತಿಂಗಳ ಪಗಾರ?"

"ಅವನ ಕಡೆನ ರೊಕ್ಕ ಇಲ್ಲಂದ್ರ ನಮಗೆಲ್ಲಿಂದ ಕೊಡತಾನ? ಈ ಕಾಗದಕ್ಕ ಸಹಿ ಮಾಡಿದ್ರ ಇಪ್ಪತ್ತು ಸಾವಿರ ಕೊಡತಾರಂತ. ಬಂದಷ್ಟು ಬರಲಿ. ನಾಳೆ ಸಹಿ ಮಾಡತೀನಿ."

"ಕೊಡ್ರಿ ಇಲ್ಲೆ. ಏನ ಬರದಾರ ನೋಡತೀನಿ."

ಕಾಶವ್ವ ರಾತ್ರಿ ಶಾಲೆಯಲ್ಲಿ ಓದು ಕಲಿತವಳು. ಅಕ್ಷರ ಕೂಡಿಸಿ ಮೆಲ್ಲಗೆ ಓದಿದಳು. ಕಾಗದದಲ್ಲಿ ಹೀಗೆ ಇತ್ತು: "ನಾನು ನನ್ನ ಸ್ವಂತ ಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ನನಗೆ ಬರಬೇಕಾದ ಎಲ್ಲ ಹಣವೂ ಬಂದಿದೆ. ಇನ್ನು ಯಾವ ಬಾಕಿಯೂ ಇಲ್ಲ."

ಕಾಶವ್ವ ತಲೆ ಎತ್ತಿದಳು.

"ನೀವಾಗಿ ಕೆಲಸ ಬಿಟ್ಟೀರೇನು?"

"ನಾ ಯಾಕ ಬಿಡ್ಲಿ? ಅವರ ಗೇಟ್ ಮುಚ್ಯಾರ."

"ಎಲ್ಲಾ ರೊಕ್ಕ ಬಂದೈತೇನು?"

"ಎಲ್ಲಿ ಬಂತು?"

"ಮತ್ತ ಇದಕ್ಕ ಸಹಿ ಮಾಡಬ್ಯಾಡ್ರಿ. ನಾಳೆ ವಿಜಯಪುರಕ್ಕ ಹೋಗೂಣು. ಕಾರ್ಮಿಕ ಅಧಿಕಾರಿನ್ನ ಕೇಳೂಣು."

ಕಾನೂನು ಏನು ಹೇಳುತ್ತದೆ?

ಮರುದಿನ ಇಬ್ಬರೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಅಧಿಕಾರಿ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ನಾವೂ ತಿಳಿಯೋಣ.

ಮೊದಲು 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾಯ್ದೆಯ ಹೆಸರು ಬದಲಾಗಿದೆ. ಕೆಲಸ ಹೋದವರಿಗೆ ಪರಿಹಾರ ಕೊಡಬೇಕೆಂಬ ಮಾತು ಬದಲಾಗಿಲ್ಲ.

1. ಬಾಕಿ ಪಗಾರ: ಕಾರಖಾನೆ ಮುಚ್ಚಿ ಕೆಲಸ ಹೋದರೆ, ದುಡಿದ ದಿನಗಳ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

2. ನೋಟೀಸು: 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇರುವ ಕಾರಖಾನೆಯನ್ನು ಮುಚ್ಚುವ 60 ದಿನ ಮೊದಲೇ ಮಾಲಕ ಸರ್ಕಾರಕ್ಕೆ ತಿಳಿಸಬೇಕು. 300 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಸರ್ಕಾರದ ಅನುಮತಿಯೇ ಬೇಕು. ಒಂದು ವರ್ಷವಾದರೂ ಸತತ ದುಡಿದ ಕೆಲಸಗಾರನಿಗೆ ಒಂದು ತಿಂಗಳ ನೋಟೀಸು ಕೊಡಬೇಕು. ಕೊಡದಿದ್ದರೆ ಆ ತಿಂಗಳ ಪಗಾರ ಕೊಡಬೇಕು.

3. ಪರಿಹಾರ: ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಪಗಾರ.

4. ಗ್ರಾಚ್ಯುಟಿ: ಐದು ವರ್ಷ ಸತತ ದುಡಿದವರಿಗೆ, ಒಂದೊಂದು ವರ್ಷಕ್ಕೆ 15 ದಿನದ ಪಗಾರ. ಇಲ್ಲಿ ತಿಂಗಳಿಗೆ 26 ದಿನ ಎಂದು ಲೆಕ್ಕ ಹಿಡಿಯುತ್ತಾರೆ.

5. ಪಿ.ಎಫ್.: ಇದು ನಿಮ್ಮ ಪಗಾರದಿಂದ ಹಿಡಿದ ರೊಕ್ಕ ಮತ್ತು ಮಾಲಕ ಕಟ್ಟಿದ ರೊಕ್ಕ. ಇದು ನಿಮ್ಮದೇ ಹೆಸರಿನಲ್ಲಿ ಇರುತ್ತದೆ.

"ಮಾಲಕಗ ಲುಕ್ಸಾನ ಆಗೈತಲ್ರಿ ಸಾಹೇಬ್ರ?" ಎಂದು ಸಂಗಪ್ಪ ಕೇಳಿದ.

"ಮಾಲಕನ ಕೈ ಮೀರಿದ ಕಾರಣದಿಂದ ಮುಚ್ಚಿದರೆ ಪರಿಹಾರ ಮೂರು ತಿಂಗಳ ಪಗಾರಕ್ಕೆ ಇಳಿಯಬಹುದು. ಆದರೆ ಬರೀ ನಷ್ಟವಾಯಿತು, ಮಾಲು ಮಾರಾಟವಾಗಲಿಲ್ಲ ಎಂಬುದು ಕೈ ಮೀರಿದ ಕಾರಣ ಅಲ್ಲ. ಕಾನೂನಿನಲ್ಲೇ ಹಾಗೆ ಬರೆದಿದೆ," ಎಂದರು ಅಧಿಕಾರಿ.

ಲೆಕ್ಕ ಮಾಡಿರಿ

ಸಂಗಪ್ಪನಿಗೆ ಎಷ್ಟು ಬರಬೇಕು? ಕಾಶವ್ವ ಪಾಟಿಯ ಮೇಲೆ ಬರೆದಳು.

ಎರಡು ತಿಂಗಳ ಬಾಕಿ ಪಗಾರ: 31,200 ರೂಪಾಯಿ
ನೋಟೀಸಿನ ಬದಲು ಒಂದು ತಿಂಗಳ ಪಗಾರ: 15,600 ರೂಪಾಯಿ
ಪರಿಹಾರ, ಅರ್ಧ ತಿಂಗಳ 7,800ರಂತೆ 12 ವರ್ಷಕ್ಕೆ: 93,600 ರೂಪಾಯಿ
ಗ್ರಾಚ್ಯುಟಿ, ದಿನಕ್ಕೆ 600ರಂತೆ 15 ದಿನ, 12 ವರ್ಷಕ್ಕೆ: 1,08,000 ರೂಪಾಯಿ
ಒಟ್ಟು: 2,48,400 ರೂಪಾಯಿ

ಪಿ.ಎಫ್. ರೊಕ್ಕ ಇದರ ಹೊರಗೆ. ಸಂಗಪ್ಪ ಇಪ್ಪತ್ತು ಸಾವಿರಕ್ಕೆ ಇದನ್ನೆಲ್ಲ ಬಿಟ್ಟುಕೊಡಲು ಹೊರಟಿದ್ದ!

ದಿವಾಳಿ ಎಂದರೆ ಏನು?

ಕಂಪನಿಗೆ ಸಾಲ ತೀರಿಸಲು ಆಗದಿದ್ದರೆ ಪ್ರಕರಣ ಕಂಪನಿ ನ್ಯಾಯಮಂಡಳಿಗೆ ಹೋಗುತ್ತದೆ. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿದೆ. ಇದಕ್ಕಾಗಿ 2016ರಲ್ಲಿ ದಿವಾಳಿ ಸಂಹಿತೆ ಬಂತು. ನ್ಯಾಯಮಂಡಳಿ ಪ್ರಕರಣವನ್ನು ಒಪ್ಪಿಕೊಂಡರೆ ಕಂಪನಿಯ ಆಡಳಿತ ಮಾಲಕನ ಕೈ ತಪ್ಪುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸುತ್ತಾರೆ. ಯಾರಿಗೆ ಎಷ್ಟು ಬಾಕಿ ಇದೆ ಎಂದು ಅವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕೇಳುತ್ತಾರೆ. ಕೆಲಸಗಾರರು "ಡಿ" ನಮೂನೆಯಲ್ಲಿ ತಮ್ಮ ಬಾಕಿಯನ್ನು ಬರೆದು ಕೊಡಬೇಕು. ಸಾಮಾನ್ಯವಾಗಿ 14 ದಿನದ ಗಡುವು ಇರುತ್ತದೆ. ತಡವಾದರೂ ಕೈಬಿಡಬೇಡಿರಿ. ಕಾರಣ ಬರೆದು ಕೊಡಿರಿ. ಎಲ್ಲ ಕೆಲಸಗಾರರ ಪರವಾಗಿ ಒಬ್ಬ ಪ್ರತಿನಿಧಿಯೂ ಕೊಡಬಹುದು.

ಮೊದಲು ಕಂಪನಿಯನ್ನು ಉಳಿಸಲು ನೋಡುತ್ತಾರೆ. ಆಗದಿದ್ದರೆ ಆಸ್ತಿ ಮಾರುತ್ತಾರೆ. ಬಂದ ರೊಕ್ಕ ಹಂಚಲು ಒಂದು ಸಾಲು ಇದೆ. ರೇಶನ್ ಅಂಗಡಿಯ ಮುಂದೆ ಸಾಲು ಇರುವಂತೆ. ಮೊದಲು ಈ ಕೆಲಸದ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳವರೆಗಿನ ಬಾಕಿ. ಅಡವು ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಕಾರ್ಮಿಕರ ಪಕ್ಕದಲ್ಲೇ ನಿಲ್ಲುತ್ತದೆ, ಮುಂದೆ ಅಲ್ಲ. ಅವರ ಹಿಂದೆ ಉಳಿದ ನೌಕರರ 12 ತಿಂಗಳ ಬಾಕಿ. ಸರ್ಕಾರದ ತೆರಿಗೆ ಇನ್ನೂ ಹಿಂದೆ. ಮಾಲಕರು ಎಲ್ಲರಿಗಿಂತ ಹಿಂದೆ.

ಪಿ.ಎಫ್., ಪಿಂಚಣಿ, ಗ್ರಾಚ್ಯುಟಿ ನಿಧಿಗಳು ಈ ಸಾಲಿನಲ್ಲಿ ನಿಲ್ಲಬೇಕಾಗಿಯೇ ಇಲ್ಲ. ಅವು ಕಂಪನಿಯ ಆಸ್ತಿ ಅಲ್ಲ. ಸಾಲಗಾರರು ಅವನ್ನು ಮುಟ್ಟುವಂತಿಲ್ಲ.

ಒಂದು ಮಾತು ನಿಜ. ಆಸ್ತಿಯೇ ಕಡಿಮೆ ಇದ್ದರೆ ಎಲ್ಲ ಬಾಕಿಯೂ ಪೂರ್ತಿ ಬಾರದೆ ಹೋಗಬಹುದು. ಆದರೆ ಸಾಲಿನಲ್ಲಿ ನಿಲ್ಲದವನಿಗೆ ಏನೂ ಬರುವುದಿಲ್ಲ.

ನಡೆದ ಸಂಗತಿ

ಕೋಲಾರದ ಚಿನ್ನದ ಗಣಿಯ ಹೆಸರು ನೀವು ಕೇಳಿದ್ದೀರಿ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ತೆಗೆದರು. 1972ರಲ್ಲಿ ಅದು ಕೇಂದ್ರ ಸರ್ಕಾರದ ಕಂಪನಿ ಆಯಿತು. ನಷ್ಟ ಬೆಳೆಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯಿತು. ಬಾಕಿಗಾಗಿ, ವಾಸದ ಮನೆಗಳಿಗಾಗಿ ಕಾರ್ಮಿಕರು ಹಲವು ವರ್ಷ ಹೋರಾಡಿದರು. ಅವರ ಮಕ್ಕಳು ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು. ಸರ್ಕಾರದ ಕಂಪನಿಗೂ ಕೀಲಿ ಬೀಳಬಹುದು ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿ. ಜೆಟ್ ಏರ್‌ವೇಸ್ ಎಂಬ ದೊಡ್ಡ ವಿಮಾನ ಕಂಪನಿ 2019ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಅಲ್ಲಿಯ ನೌಕರರು ಕೂಡಿಕೊಂಡು ದಾವೆ ಹೂಡಿದರು. ಪಿ.ಎಫ್. ಮತ್ತು ಗ್ರಾಚ್ಯುಟಿ ಬಾಕಿಯನ್ನು ಕೊಡಲೇಬೇಕು ಎಂದು 2022ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2024ರ ನವೆಂಬರ್‌ನಲ್ಲಿ ಕಂಪನಿಯ ಆಸ್ತಿಯನ್ನೇ ಮಾರಲು ಹೇಳಿತು. ಹಕ್ಕು ಗಟ್ಟಿ. ಹಾದಿ ಮಾತ್ರ ಉದ್ದ. ಅದಕ್ಕೇ ಒಗ್ಗಟ್ಟು ಬೇಕು.

ಸಂಗಪ್ಪ ಏನು ಮಾಡಿದ?

ಸಂಗಪ್ಪ ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಗೆಳೆಯರಿಗೂ ಓದಿ ಹೇಳಿದ. ಎಲ್ಲರೂ ಕೂಡಿ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟರು. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ "ಡಿ" ನಮೂನೆ ತುಂಬಿ ಕಳಿಸಿದರು. ಕಾಶವ್ವ ಹನ್ನೆರಡು ವರ್ಷದ ಪಗಾರ ಚೀಟಿಗಳನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಅವು ಸಾಕ್ಷಿಯಾದವು. ಮೊದಲು ಪಿ.ಎಫ್. ರೊಕ್ಕ ಕೈಗೆ ಬಂತು. ಮಗಳ ಶಾಲೆ ನಿಲ್ಲಲಿಲ್ಲ. ಉಳಿದದ್ದಕ್ಕೆ ಅವರು ಸಾಲಿನಲ್ಲಿ ನಿಂತಿದ್ದಾರೆ.

"ಬರೂತನ ಕಾಯೂಣು. ನಮ್ಮ ಬೆವರಿನ ರೊಕ್ಕ. ಯಾರದೂ ಭಿಕ್ಷಾ ಅಲ್ಲ," ಎನ್ನುತ್ತಾಳೆ ಕಾಶವ್ವ.

ನೆನಪಿಡಿರಿ

* ಓದದೆ ಸಹಿ ಮಾಡಬೇಡಿರಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.
* ಪಗಾರ ಚೀಟಿ, ನೇಮಕದ ಪತ್ರ, ಹಾಜರಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಪಿ.ಎಫ್. ನಂಬರು ಜೋಪಾನವಾಗಿ ಇಡಿರಿ.
* ಮಾಲಕ ಪಿ.ಎಫ್. ಕಟ್ಟುತ್ತಿದ್ದಾನೆಯೇ ಎಂದು ಆಗಾಗ ನೋಡಿರಿ. ಗಿರಣಿ ಮುಚ್ಚಿದ ಮೇಲೆ ನೋಡಿದರೆ ತಡವಾಗುತ್ತದೆ.
* ಇ.ಎಸ್.ಐ. ಕಾರ್ಡು ಇದ್ದರೆ ನಿರುದ್ಯೋಗ ಭತ್ಯೆ ಸಿಗುವುದೇ ಎಂದು ಇ.ಎಸ್.ಐ. ಕಚೇರಿಯಲ್ಲಿ ಕೇಳಿರಿ.
* ಗುತ್ತಿಗೆದಾರನ ಕೈಕೆಳಗೆ ದುಡಿದವರೂ ಕೇಳಬಹುದು. ಗುತ್ತಿಗೆದಾರ ಪಗಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿ ಕೊಡಬೇಕು.
* ಕಂಪನಿ ಅಲ್ಲದ ಸಣ್ಣ ಅಂಗಡಿ, ಸಣ್ಣ ಕಾರಖಾನೆ ಮುಚ್ಚಿದರೂ ಬಾಕಿ ಪಗಾರಕ್ಕೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು. ಮೂರು ವರ್ಷದೊಳಗೆ ಕೊಡಬೇಕು.
* ವಕೀಲರಿಗೆ ಕೊಡಲು ರೊಕ್ಕ ಇಲ್ಲವೇ? ಕಾರಖಾನೆಯ ಕಾರ್ಮಿಕರಿಗೆ, ಮಹಿಳೆಯರಿಗೆ ಉಚಿತ ಕಾನೂನು ನೆರವು ಉಂಟು. ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಅಥವಾ 15100ಕ್ಕೆ ಫೋನ್ ಮಾಡಿರಿ.

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿರಿ.
1. ಗ್ರಾಚ್ಯುಟಿಗೆ ........ ವರ್ಷ ಸತತ ದುಡಿದಿರಬೇಕು.
2. ಕೆಲಸಗಾರರು ಬಾಕಿಯನ್ನು "........" ನಮೂನೆಯಲ್ಲಿ ಬರೆದು ಕೊಡಬೇಕು.
3. ಹಂಚುವ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರು ........

ಆ) ಲೆಕ್ಕ ಮಾಡಿರಿ.
ಒಬ್ಬಳ ಪಗಾರ ತಿಂಗಳಿಗೆ 13,000 ರೂಪಾಯಿ. ಅವಳು 8 ವರ್ಷ ದುಡಿದಿದ್ದಾಳೆ. ಕಾರಖಾನೆ ಮುಚ್ಚಿದೆ. ಪರಿಹಾರ ಎಷ್ಟು? ಗ್ರಾಚ್ಯುಟಿ ಎಷ್ಟು?

ಇ) ಈ ಅರ್ಜಿಯನ್ನು ನೋಡಿ ಬರೆಯಿರಿ. ನಿಮ್ಮ ಹೆಸರು ಹಾಕಿರಿ.

ಕಾರ್ಮಿಕ ಅಧಿಕಾರಿಗಳಿಗೆ, ವಿಜಯಪುರ.
ಮಾನ್ಯರೆ,
ನಾನು ........ ಕಾರಖಾನೆಯಲ್ಲಿ ........ ವರ್ಷ ಕೆಲಸ ಮಾಡಿದ್ದೇನೆ. ದಿನಾಂಕ ........ ರಂದು ಕಾರಖಾನೆ ಮುಚ್ಚಿದೆ. ನನಗೆ ........ ತಿಂಗಳ ಪಗಾರ, ನೋಟೀಸಿನ ಪಗಾರ, ಪರಿಹಾರ ಮತ್ತು ಗ್ರಾಚ್ಯುಟಿ ಬರಬೇಕಾಗಿದೆ. ದಯವಿಟ್ಟು ಕೊಡಿಸಿರಿ.
ಸಹಿ ........

ಈ) ಕೂಡಿ ಮಾತಾಡಿರಿ.
ಸಂಗಪ್ಪ ಮೊದಲ ದಿನವೇ ಸಹಿ ಮಾಡಿದ್ದರೆ ಏನಾಗುತ್ತಿತ್ತು? ನಿಮ್ಮ ಮನೆಯಲ್ಲಿ ದುಡಿಯುವವರ ಕಾಗದಗಳು ಎಲ್ಲಿವೆ? ಇಂದು ರಾತ್ರಿಯೇ ತೆಗೆದು, ಓದಿ ನೋಡಿರಿ.