ಕಳೆ ಸಾಯುತ್ತೆ, ಮೆಕ್ಕೆಜೋಳ ಉಳಿಯುತ್ತೆ: ಅಟ್ರಾಜಿನ್ ಕೆಲಸ ಮಾಡೋದು ಹೇಗೆ?

ಕ್ಯಾಂಪ್‌ಬೆಲ್‌ನಿಂದ ಮಾತಾಡ್ತಿದ್ದೇವೆ. ಮುಂಗಾರು ಬಂತೆಂದರೆ ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳದ ಬಿತ್ತನೆ. ಬೆಳೆಗೆ ಕಳೆಯ ಕಾಟ ಹೆಚ್ಚು ತಟ್ಟುವುದು ಮೊದಲ 30–45 ದಿನ. ಕಳೆ ಕೀಳೋಕೆ ಆಳು ಸಿಗದಿದ್ದಾಗ ಅನೇಕರು ಹೊಡೆಯುವುದು ಅಟ್ರಾಜಿನ್. ಎರಡೂ ಗಿಡಗಳೇ ಅಲ್ವಾ, ಒಂದೇ ಯಾಕೆ ಸಾಯುತ್ತೆ?

ಮೊಳೆಯುವ ಕಳೆ ಬೇರಿನಿಂದ ಅಟ್ರಾಜಿನ್ ಹೀರಿಕೊಳ್ಳುತ್ತೆ. ಅದು ಎಲೆ ಸೇರಿ, ಹರಿತ್ತಿನ ಕಣದಲ್ಲಿರುವ ಡಿ1 ಅನ್ನೋ ಪ್ರೋಟೀನಿಗೆ ಅಂಟಿ, ಎಲೆಕ್ಟ್ರಾನ್ ಹರಿವನ್ನು ತಡೆಯುತ್ತೆ. ಬಿಸಿಲಿನ ಶಕ್ತಿಗೆ ದಾರಿ ಸಿಗದೆ ಅಪಾಯಕಾರಿ ಅಣುಗಳು ಹುಟ್ಟಿ ಎಲೆಯನ್ನು ಸುಡುತ್ತವೆ. ಮೆಕ್ಕೆಜೋಳವೂ ಹೀರುತ್ತೆ. ಆದರೆ ಅದರ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್ ಕಿಣ್ವ ವಿಷವನ್ನು ಬೇಗ ನಿಷ್ಕ್ರಿಯ ಮಾಡಿಬಿಡುತ್ತೆ.

ತೊಗರಿಗೆ ಈ ರಕ್ಷಣೆ ಇಲ್ಲ. ಅಕ್ಕಡಿ ಸಾಲಿನಲ್ಲಿ ತೊಗರಿ ಇದ್ದರೆ ಅಟ್ರಾಜಿನ್ ಬೇಡ. ಬೇರೆ ದಾರಿ ಏನೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಗಡ್ಡೆಯಿಂದ ಚಿಗುರುವ ಜೇಕಿಗೂ ಇದು ಅಷ್ಟಾಗಿ ನಾಟಲ್ಲ.

ಈಗ ಲೆಕ್ಕ. ಭಾರತದಲ್ಲಿ 50% ಪುಡಿಗೆ ಲೇಬಲ್ ಪ್ರಮಾಣ ಹೆಕ್ಟೇರಿಗೆ 1–2 ಕಿಲೋ, ಅಂದರೆ ಎಕರೆಗೆ ಸುಮಾರು 400–800 ಗ್ರಾಂ. ಮರಳು ಮಣ್ಣಿಗೆ ಕಡಿಮೆ, ಎರೆ ಮಣ್ಣಿಗೆ ಹೆಚ್ಚು. ಎಕರೆಗೆ 600 ಗ್ರಾಂ, 200 ಲೀಟರ್ ನೀರು ಅಂದುಕೊಳ್ಳಿ: 16 ಲೀಟರ್ ಪಂಪಿಗೆ 48 ಗ್ರಾಂ. ಮೊದಲು ಬರೀ ನೀರು ಹೊಡೆದು, ಒಂದು ಪಂಪು ಎಷ್ಟು ಜಾಗಕ್ಕೆ ಸಾಲುತ್ತೆ ಅಂತ ಅಳೆಯಿರಿ. ಪುಡಿ ತಳ ಹಿಡಿಯುತ್ತೆ, ಕಲಕುತ್ತಿರಿ.

ಬಿತ್ತಿದ ಮೂರು ದಿನದೊಳಗೆ, ಮಣ್ಣು ಹಸಿ ಇದ್ದಾಗ, ಗಾಳಿ ಇಲ್ಲದ ಹೊತ್ತಲ್ಲಿ ಹೊಡೆಯಿರಿ. ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋಗಿ. ಹೊಡೆದ ನೆಲ ತುಳಿದರೆ ಮೇಲ್ಪದರ ಒಡೆಯುತ್ತೆ. ಕೈಗವಸು, ಮಾಸ್ಕ್, ಉದ್ದ ತೋಳಿನ ಅಂಗಿ ಇರಲಿ. ಪಂಪನ್ನು ಬಾವಿ, ಕೆರೆ ಹತ್ತಿರ ತೊಳೆಯಬೇಡಿ.

ನೀರಿನ ಮಾತು ಯಾಕೆ? ಅಟ್ರಾಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟಿ ಕೂರಲ್ಲ, ಮಳೆ ಜೊತೆ ಅಂತರ್ಜಲಕ್ಕೆ ಇಳಿಯುತ್ತೆ. ನಮ್ಮಿಂದ ಸ್ವಲ್ಪ ದೂರದ ಬರ್ಕ್‌ಲಿ ವಿಶ್ವವಿದ್ಯಾಲಯದ ಟೈರೋನ್ ಹೇಯ್ಸ್ ತಂಡ 2002ರಲ್ಲಿ, ನೂರು ಕೋಟಿಯಲ್ಲಿ 0.1 ಭಾಗ ಇದ್ದರೂ ಗಂಡು ಕಪ್ಪೆಗಳ ಜನನಾಂಗ ಬದಲಾಗುತ್ತೆ ಅಂತ ವರದಿ ಮಾಡಿತು. ಆ ಫಲಿತಾಂಶದ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ವಾದವೇ ನಡೆಯಿತು. ಅಂತರ್ಜಲದ ಕಾರಣಕ್ಕೆ ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಾಜಿನ್‌ಗೆ ಅನುಮತಿ ನಿರಾಕರಿಸಿತು. ಅಮೆರಿಕದಲ್ಲಿ ಬಳಕೆ ಇದೆ. ಕುಡಿಯುವ ನೀರಿನಲ್ಲಿ ಮಿತಿ ನೂರು ಕೋಟಿಗೆ 3 ಭಾಗ.

ಊರಿನ ಹೊಲದ ಪಕ್ಕದಲ್ಲೇ ಕುಡಿಯುವ ನೀರಿನ ಬೋರ್‌ವೆಲ್ ಇರುತ್ತೆ. ಮುಂದಿನ ಸಲ ಫೋನ್ ಮಾಡಿದಾಗ ಮೂರು ವಿಷಯ ಕೇಳಿ: ತೊಗರಿ ಹಾಕಿದ್ದೀರಾ? ಪಂಪಿಗೆ ಎಷ್ಟು ಗ್ರಾಂ? ತೊಳೆದ ನೀರು ಎಲ್ಲಿಗೆ ಹೋಗುತ್ತೆ?

ಮುಂದಿನ ಸಂಚಿಕೆಯಲ್ಲಿ ಸಿಗೋಣ.