ನೀರಿದ್ದಲ್ಲಿ ಹುಲ್ಲಿಲ್ಲ

ಸಂಜೆ ಆರಕ್ಕೆ ಸ್ವಾರಗೇಟ ಚೌಕದಲ್ಲಿ ನಿಂತು ನೋಡಿರಿ. ಸಾತಾರಾ ರಸ್ತೆ, ಶಿವಾಜಿ ರಸ್ತೆ, ಶಂಕರಶೇಟ್ ರಸ್ತೆ ಹಿಡಿದು ಬಂದ ಜನವೆಲ್ಲ ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಒತ್ತಿಕೊಳ್ತಾರೆ. ಮೈಲು ದೂರದಲ್ಲಿ ಅದೇ ಜನ ವಿರಳ. ಬಾಗಿಲ ಮುಂದೆ ಒಂದೆಳೆ ಗರಿಕೆಯೂ ಬದುಕಲಾರದು. ನಮ್ಮ ಬಯಲುಸೀಮೆಯ ಗೋಕಟ್ಟೆಯ ಸುತ್ತ ಆಗುವುದೂ ಇದೇ.

ದನ-ಕುರಿ ಎಲ್ಲಿ ಮೇಯ್ದರೂ ನೀರಿಗೆ ಬರಲೇಬೇಕು. ಲೆಕ್ಕ ಹಾಕೋಣ. ಕಟ್ಟೆಯಿಂದ ೧೦೦ ಮೀಟರ್ ದೂರದ ವರ್ತುಲದ ಸುತ್ತಳತೆ ಸುಮಾರು ೬೨೮ ಮೀಟರ್. ೧ ಕಿಲೋಮೀಟರ್ ದೂರದ್ದು ೬,೨೮೦. ಅದೇ ಮಂದೆ ಎರಡನ್ನೂ ದಾಟಿ ಬರಬೇಕು. ಅಂದರೆ ಒಳಗಿನ ನೆಲಕ್ಕೆ ಹತ್ತು ಪಟ್ಟು ಗೊರಸಿನ ಪೆಟ್ಟು. ಆಸ್ಟ್ರೇಲಿಯಾದ ಲ್ಯಾಂಗ್ ಎಂಬ ವಿಜ್ಞಾನಿ ಕುರಿಗಳ ಹಾದಿ, ಹಿಕ್ಕೆಗಳನ್ನು ಅಳೆದು ೧೯೬೯ರಲ್ಲಿ ಇದಕ್ಕೆ ‘ಪಯೋಸ್ಫಿಯರ್’ ಎಂದು ಹೆಸರಿಟ್ಟರು. ಗ್ರೀಕಿನ ‘ಕುಡಿ’ ಎಂಬರ್ಥದ ಮಾತಿನಿಂದ ಬಂದದ್ದು. ನಾವು ‘ನೀರ್ವಳಯ’ ಅನ್ನಬಹುದೇನೋ.

ಇದರಲ್ಲಿ ಸ್ಥೂಲವಾಗಿ ಮೂರು ಸುತ್ತು. ಒಳಸುತ್ತಿನ ನೆಲ ತುಳಿತದಿಂದ ಗಟ್ಟಿಯಾಗಿ, ಮಳೆನೀರು ಇಂಗದೆ ಹರಿದುಹೋಗ್ತದೆ. ಸಗಣಿ-ಗಂಜಳದ ಸತ್ವವೆಲ್ಲ ಇಲ್ಲೇ ಬಿದ್ದರೂ ಅದರ ಲಾಭ ಉಮ್ಮತ್ತಿ, ಉತ್ತರಾಣಿಯಂಥ ಕಳೆಗೆ. ನಡುಸುತ್ತಿನಲ್ಲಿ ದನ ಮೂಸಿ ಬಿಡುವ ತಂಗಡಿ, ಎಕ್ಕ. ಜೊತೆಗೆ ಬಳ್ಳಾರಿ ಜಾಲಿ. ಜಾಲಿಯ ಕಾಯನ್ನು ದನವೇ ತಿಂದು, ಸಗಣಿಯಲ್ಲಿ ಬೀಜ ಬಿತ್ತಿಬಿಡ್ತದೆ! ಹೊರಸುತ್ತಿನಲ್ಲಿ ಮಾತ್ರ ವರ್ಷವರ್ಷವೂ ಬೇರಿನಿಂದ ಚಿಗುರುವ, ಮಣ್ಣು ಹಿಡಿದಿಡುವ ಹುಲ್ಲು ಉಳಿದೀತು. ಮಣ್ಣು, ಮಳೆ ಬದಲಾದಂತೆ ಈ ಸುತ್ತುಗಳೂ ಹಿಗ್ಗುತ್ತವೆ, ಕುಗ್ಗುತ್ತವೆ. ಗೆರೆ ಎಳೆದಂತೆ ಇರುವುದಿಲ್ಲ.

ಹೊರಸುತ್ತಿನ ಹುಲ್ಲನ್ನು ಕಾಯ್ದದ್ದು ಯಾರು? ಯಾವ ಕಾವಲುಗಾರನೂ ಅಲ್ಲ, ನೀರಿನಿಂದ ಅದಕ್ಕಿದ್ದ ದೂರ. ಇದು ತಿಳಿಯುವ ಮೊದಲು, ನಮ್ಮೂರ ಗೋಮಾಳದಲ್ಲಿ ಇನ್ನೊಂದು ಕಟ್ಟೆ ಬೇಕೆಂದು ಬರೆದ ಅರ್ಜಿಗೆ ನಾನೂ ಸಹಿ ಹಾಕಿದವನೇ. ನೀರು ಕೊಡುವುದು ಪುಣ್ಯವಲ್ಲವೇ? ಆದರೆ ದೂರದಲ್ಲಿ ಹೊಸ ಕಟ್ಟೆ ಬಂದರೆ ಉಳಿದಿದ್ದ ಹುಲ್ಲಿನ ನಡುವೆ ಹೊಸ ಒಳಸುತ್ತು ಹುಟ್ಟಿತು ಎಂದೇ ಅರ್ಥ. ಆಫ್ರಿಕದ ಸಾಹೇಲಿನಲ್ಲಿ ಮಂದೆಗಳಿಗಾಗಿ ಕೊಳವೆಬಾವಿ ತೋಡಿದ್ದರು. ೧೯೬೮-೭೩ರ ಬರದಲ್ಲಿ ಆ ಬಾವಿಗಳ ಸುತ್ತ ದನಗಳು ರಾಶಿರಾಶಿ ಸತ್ತವು. ಬಾಯಾರಿ ಅಲ್ಲ, ಹಸಿದು. ನೀರಿತ್ತು, ನಡೆದುಹೋಗುವಷ್ಟು ದೂರದಲ್ಲಿ ಮೇವಿರಲಿಲ್ಲ.

ಹಾಗಾದರೆ ಕಟ್ಟೆ ಬೇಡವೇ? ಬೇಕು, ಆದರೆ ಸರದಿಯೂ ಬೇಕು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿ ಆರಂಭವಾಗಿ, ಟಿಪ್ಪುವಿನಿಂದ ‘ಅಮೃತ ಮಹಲ್’ ಎನಿಸಿಕೊಂಡ ಮಂದೆಗೆ ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ಬೇರೆಬೇರೆ ಇದ್ದವು. ಮಂದೆ ಸರಿದುಹೋದ ಮೇಲೆ ಹುಲ್ಲಿಗೆ ಉಸಿರಾಡಲು ಪುರಸತ್ತು. ಅಲೆಮಾರಿ ಕುರುಬರ, ಧನಗರರ ನಡಿಗೆಯಲ್ಲೂ ಇದೇ ವಿವೇಕವಿದೆ. ಅವರ ಹಾದಿ ಮುಚ್ಚಿ, ಗೋಮಾಳ ಕಿರಿದು ಮಾಡಿ, ಆಮೇಲೆ ‘ಕುರಿಯಿಂದ ಬಯಲು ಕೆಟ್ಟಿತು’ ಎನ್ನುವುದು ನ್ಯಾಯವಲ್ಲ.

ಗೆಳೆಯರೇ, ರಜೆಯಲ್ಲಿ ಸ್ವಾರಗೇಟಿನಿಂದ ಬಸ್ಸು ಹತ್ತಿ, ಸಾಸವಡ, ಮೋರಗಾಂವ ದಾಟಿ ಸುಪೆಯ ಬಯಲಿಗೆ ಹೋಗಿ ಬನ್ನಿರಿ. ಒಂದು ನೀರಿನ ತಾಣದಿಂದ ನೇರ ಹೊರಗೆ ನಡೆಯಿರಿ. ನೂರು ಹೆಜ್ಜೆಗೊಮ್ಮೆ ಕೂತು, ಕಾಲ ಬುಡದಲ್ಲಿ ಏನು ಬೆಳೆದಿದೆ ಎಂದು ಬರೆದುಕೊಳ್ಳಿರಿ. ನಮ್ಮೂರ ಅರ್ಜಿಗೆ ನಾನು ಈಗ ಒಂದು ಸಾಲು ಸೇರಿಸಬೇಕೆಂದಿದ್ದೇನೆ: ಕಟ್ಟೆ ಎಲ್ಲಿ ಎಂಬುದರ ಜೊತೆಗೆ, ಆ ಕಡೆಗೆ ಮಂದೆ ಯಾವ ತಿಂಗಳು ಹೋಗಬಾರದು ಎಂಬುದನ್ನೂ ಊರವರೇ ಕೂತು ಗೊತ್ತುಮಾಡಲಿ.